ಪೀಪಾಯಿಗೆ ಸೀಟ್ ಬೆಲ್ಟ್

“ಒಂದು ಹನಿ, ಒಂದೇ ಒಂದು ಹನಿ ಚೆಲ್ಲಿದರೂ ನನ್ನ ಹೆಸರು ಅಡೆಲ್ಮೊ ಬಾರ್ಬೊಲಿನಿ ಅಲ್ಲ!”

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ, ಅಡುಗೆಮನೆಯ ನಟ್ಟನಡುವೆ ನಿಂತು, ಎಡಗೈಯಲ್ಲಿ ಕಾಫಿ ಹಿಡಿದು, ಬಲಗೈಯನ್ನು ಸೂರಿನ ಕಡೆ ಎತ್ತಿ ಅಡೆಲ್ಮೊ ಈ ಭೀಷ್ಮಪ್ರತಿಜ್ಞೆ ಮಾಡಿದ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಡಿರ್ಚೆ ಒಬ್ಬಳೇ. ಅವಳು ಮೊಟ್ಟೆ ಒಡೆದು ಹಾಕಿ ಹಿಟ್ಟು ನಾದುತ್ತಿದ್ದಳು. ಕಿಟಕಿಯಾಚೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅಂಗಳದ ಅಂಜೂರದ ಮರ ಕಣ್ಣಿಗೆ ಬಿದ್ದು ಮೂರು ದಿನವಾಗಿತ್ತು. ಮೊಡೆನಾದ ಬಯಲಿನಲ್ಲಿ ನವೆಂಬರ್ ಎಂದರೆ ಹಾಗೆಯೇ, ಇಡೀ ಸೀಮೆಯೇ ಸೂತಕದ ಮನೆ.

“ನಿನ್ನ ಹೆಸರು ಹೋದ್ರೆ ಹೋಗ್ಲಿ, ವಿನೆಗರ್ ಉಳೀಲಿ,” ಅಂದಳು ಡಿರ್ಚೆ, ತಲೆಯನ್ನೂ ಎತ್ತದೆ. “ಮಿಕ್ಕ ಪೀಪಾಯಿಗಳದ್ದೆಲ್ಲ ಗಾಜಿನ ಹೂಜಿಗೆ ಬಗ್ಗಿಸಿ, ಬಿರಡೆ ಜಡಿದು, ವ್ಯಾನಿಗೆ ಏರಿಸಿ ಆಯ್ತು. ಈ ಚಿಕ್ಕದನ್ನೂ ಹಾಗೇ ಬಗ್ಗಿಸಿ ಒಯ್ಯೋಣ.”

“ಬಗ್ಗಿಸೋದಾ! ಅಷ್ಟು ವರ್ಷ ಹೆಪ್ಪಿನ ಹಾಗೆ ತಳದಲ್ಲಿ ಕದಲದೆ ಕೂತಿರೋ ವಿನೆಗರಿನ ತಾಯಿಯನ್ನ ತಲೆಕೆಳಗು ಮಾಡೋದಾ! ಈ ಕೈಗಳು ಇರುವಾಗ?”

“ಅದಕ್ಕೆ ಮೇಲೆ ಬಿರಡೆ ಇಲ್ಲ, ಅಡೆಲ್ಮೊ. ಅಂಗೈಯಗಲ ತೂತು, ಅದರ ಮೇಲೆ ಒಂದು ಬಟ್ಟೆ. ಅಷ್ಟೇ.”

“ಬಟ್ಟೆ ಸಾಕು! ಉಳಿದದ್ದು ಈ ಕೈಗಳು ನೋಡ್ಕೊಳ್ತವೆ!”

ಈ ಕೈಗಳ ಮಾತು ಬಂದರೆ ಅಡೆಲ್ಮೊ ನಿಲ್ಲುವವನಲ್ಲ. ನಿಲ್ಲಿಸುವುದೂ ಕಷ್ಟ, ಯಾಕೆಂದರೆ ಅದರಲ್ಲಿ ನಿಜವೂ ಇತ್ತು. ಜೀವಮಾನವಿಡೀ ಅವನು ಸ್ಪೋರ್ಟ್ಸ್ ಕಾರಿನ ಕಂಪನಿಯೊಂದರಲ್ಲಿ ಪರೀಕ್ಷೆಯ ಚಾಲಕನಾಗಿದ್ದ. ಹೊಸ ಕಾರು ಹುಟ್ಟಿದರೆ ಅದನ್ನು ಮೊದಲು ಗುಡ್ಡದ ತಿರುವುಗಳಿಗೆ ಒಯ್ಯುತ್ತಿದ್ದವನು ಅವನೇ. ವಾಪಸು ಬಂದು, ಕೈಗವಸು ಬಿಚ್ಚಿ, “ಎಡಕ್ಕೆ ತಿರುಗುವಾಗ ಸತ್ಯ ಹೇಳುತ್ತೆ, ಬಲಕ್ಕೆ ತಿರುಗುವಾಗ ಸುಳ್ಳು ಹೇಳುತ್ತೆ,” ಅಂದನೆಂದರೆ ಎಂಜಿನಿಯರುಗಳು ಮರುಮಾತಿಲ್ಲದೆ ಸ್ಟೀರಿಂಗ್ ಬಿಚ್ಚುತ್ತಿದ್ದರು. ನೆಟ್ಟಗೆ ಹೋಗುವಾಗ ಸ್ಟೀರಿಂಗ್ ನಡುವೆ ಒಂದು ಸಣ್ಣ ಬಿಗಿ ಇರಬೇಕು, ಹಿಟ್ಟು ಹದವಾಗಿ ನಾದಿದಾಗ ಬೆರಳಿಗೆ ಸಿಗುವಷ್ಟು ಬಿಗಿ, ಎನ್ನುವುದು ಅವನ ಹಟ. ಅದಿಲ್ಲದ ಕಾರಿಗೆ ಅವನು ಒಪ್ಪಿಗೆ ಕೊಡುತ್ತಿರಲಿಲ್ಲ.

ಆ ವರ್ಷದ ವಸಂತದಲ್ಲಿ ಕಂಪನಿಯವರು ಅವನನ್ನು ಕರೆದು ಒಂದು ಒಳ್ಳೆಯ ಊಟ ಹಾಕಿಸಿದರು. ಒಳ್ಳೆಯ ಊಟ ಹಾಕಿಸಿದಾಗಲೇ ಅವನಿಗೆ ವಾಸನೆ ಬಡಿಯಬೇಕಿತ್ತು! ಇನ್ನು ಮುಂದೆ ಸ್ಟೀರಿಂಗಿನ ಹದವನ್ನು ವಿದ್ಯುತ್ ಮೋಟರು ನೋಡಿಕೊಳ್ಳುತ್ತದೆ, ಆ ಮೋಟರಿಗೆ ಬುದ್ಧಿ ಹೇಳಲು ಕಂಪ್ಯೂಟರ್ ಇದೆ, ನಿಮ್ಮ ಕೈಗಳಿಗೆ ನಮ್ಮ ನಮಸ್ಕಾರ ಎಂದರು. ಅದನ್ನೂ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ನುಂಗಲಾಗದ ಸಂಗತಿ ಬೇರೆ ಇತ್ತು. ಕಂಪ್ಯೂಟರಿಗೆ ಆ ಬುದ್ಧಿ ಹೇಳಿಕೊಟ್ಟವಳು ಅವನ ಒಬ್ಬಳೇ ಮಗಳು ಇಲೇನಿಯಾ.

ಅವತ್ತಿನಿಂದ ಅಪ್ಪ ಮಗಳ ನಡುವೆ ನಡೆದ ಮಾತೆಂದರೆ “ಉಪ್ಪು ಕೊಡು”, “ತಗೋ”. ಅವಳು ಎರಡು ಸಲ, “ಅಪ್ಪ, ನಾನು ಮಾಡಿದ ಕಾರನ್ನ ಒಂದ್ಸಲ ಓಡಿಸಿ ನೋಡು, ಹೇಗಿದೆ ಹೇಳು,” ಎಂದು ಕೇಳಿದಳು. ಎರಡು ಸಲವೂ ಅವನು ಟೊಮೇಟೊ ಗಿಡಕ್ಕೆ ನೀರು ಹಾಕಲು ಎದ್ದು ಹೋದ. ಹಾಕಿ ಹಾಕಿ ಗಿಡ ಕೊಳೆಯಿತು. ಈಗ ಮುಂದಿನ ಭಾನುವಾರ ಅವಳ ಮದುವೆ. ಕಾಸ್ತೆಲ್ವೆತ್ರೊದ ಗುಡ್ಡದ ಮೇಲೆ ಹೊಸ ಮನೆ. ಇವನಿಗೆ ಒಳಗೊಳಗೇ ಎದೆ ಉರಿ. ಹೀಗೇ ಉಪ್ಪು ಕೇಳಿಕೊಂಡೇ ಮಗಳನ್ನು ಕಳಿಸಿಕೊಡಬೇಕಾ ಎಂಬ ಭಯ. ಬಾಯಿ ಬಿಟ್ಟು ಹೇಳುವ ವಂಶವಲ್ಲ ಅವನದು.

ಅದಕ್ಕೇ ಈ ಪೀಪಾಯಿಯ ಪ್ರತಿಜ್ಞೆ. ಹೆಣ್ಣು ಮಗು ಹುಟ್ಟಿದರೆ ನಮ್ಮ ಕಡೆ ಅಟ್ಟದಲ್ಲಿ ಅದರ ಹೆಸರಿನಲ್ಲಿ ಪೀಪಾಯಿಗಳ ಸಾಲು ಇಡುತ್ತಾರೆ, ದೊಡ್ಡದರಿಂದ ಚಿಕ್ಕದರವರೆಗೆ. ಪ್ರತಿ ಚಳಿಗಾಲ ದೊಡ್ಡದರಿಂದ ಒಂದಿಷ್ಟು ದ್ರಾಕ್ಷಿಯ ವಿನೆಗರ್ ಅದರ ಪಕ್ಕದ ಚಿಕ್ಕದಕ್ಕೆ, ಅದರಿಂದ ಇನ್ನೂ ಚಿಕ್ಕದಕ್ಕೆ. ಕಟ್ಟಕಡೆಯ ಪೀಪಾಯಿಯಲ್ಲಿ ಉಳಿಯುವುದು ಕಪ್ಪಗೆ, ಕಾಕಂಬಿಯಷ್ಟು ಗಟ್ಟಿಯಾದ, ಮಗಳಷ್ಟೇ ವಯಸ್ಸಾದ ರಸ. ಮಗಳು ಮದುವೆಯಾದರೆ ಸಾಲು ಅವಳ ಮನೆಗೆ. ಇಲೇನಿಯಾಳ ಸಾಲನ್ನು ಪ್ರತಿ ಚಳಿಗಾಲ ತುಂಬಿದವಳು ಡಿರ್ಚೆ. ಅಡೆಲ್ಮೊ ಒಂದು ಸೌಟು ಎತ್ತಿದವನಲ್ಲ, ಯಾವಾಗಲೂ ಯಾವುದೋ ತಿರುವಿನಲ್ಲಿರುತ್ತಿದ್ದ. ಈಗ ಕಡೆಗಾದರೂ ಆ ಪುಟ್ಟ ಪೀಪಾಯಿಯನ್ನು ತನ್ನ ಕೈಯಾರೆ ಅವಳ ಬಾಗಿಲಿಗೆ ಮುಟ್ಟಿಸಿ, ‘ತಗೋ ಮಗಳೇ’ ಅಂದರೆ ಉಳಿದದ್ದೆಲ್ಲ ತಾನಾಗಿ ಸರಿಹೋದೀತು ಎಂದು ಅವನ ಲೆಕ್ಕ.

“ಸರಿ, ವ್ಯಾನಿನಲ್ಲಿ ನಿನ್ನ ತೊಡೆಮೇಲೆ ಇಟ್ಕೋ. ನಾನು ಓಡಿಸ್ತೀನಿ,” ಅಂದಳು ಡಿರ್ಚೆ.

“ಆ ವ್ಯಾನಾ!” ಅಡೆಲ್ಮೊ ಪಾತ್ರೆಯ ಮುಚ್ಚಳವನ್ನು ಸ್ಟೀರಿಂಗಿನಂತೆ ಹಿಡಿದು ತಿರುಗಿಸಿ ತೋರಿಸಿದ. “ಇಷ್ಟು ತಿರುಗಿಸಿದ್ರೂ ಚಕ್ರಕ್ಕೆ ಸುದ್ದಿ ಮುಟ್ಟಲ್ಲ. ಇನ್ನಿಷ್ಟು ತಿರುಗಿಸಿದ್ರೆ ‘ಯಾರೋ ಕರೆದ ಹಾಗಾಯ್ತು’ ಅಂತ ಏಳುತ್ತೆ. ಅದು ಸ್ಟೀರಿಂಗ್ ಅಲ್ಲ, ಸರ್ಕಾರಿ ಕಚೇರಿ! ಒಂದು ತಿರುವಿನಲ್ಲಿ ಏನಾಗ್ತಿದೆ ಅಂತ ಕೈಗೆ ತಿಳಿಯೋ ಕಾರು ಬೇಕು. ಲೆಯಾರ್ಕೊ ಹತ್ರ ಇಸ್ಕೊಂಡು ಬರ್ತೀನಿ.”

ಲೆಯಾರ್ಕೊ ಅವನ ಹಳೆಯ ಸಹೋದ್ಯೋಗಿ, ಮೆಕ್ಯಾನಿಕ್. ಈಗ ಪ್ರವಾಸಿಗಳಿಗೆ ಹತ್ತು ನಿಮಿಷದ ಲೆಕ್ಕದಲ್ಲಿ ಸ್ಪೋರ್ಟ್ಸ್ ಕಾರು ಓಡಿಸಲು ಕೊಡುವ ಅಂಗಡಿ ಇಟ್ಟಿದ್ದ. ಮಂಜಿನ ಕಾಲದಲ್ಲಿ ಪ್ರವಾಸಿಗಳೆಲ್ಲಿ ಬರುತ್ತಾರೆ? ಡಿರ್ಚೆಯ ವ್ಯಾನಿನಲ್ಲಿ ಪೀಪಾಯಿಯ ಸಮೇತ ಇವರಿಬ್ಬರೂ ಅಲ್ಲಿಗೆ ಹೋದಾಗ ಅವನು ಖಾಲಿ ಅಂಗಡಿಯಲ್ಲಿ ಒಬ್ಬನೇ ಇಸ್ಪೀಟು ಆಡುತ್ತಾ, ಸೋಲುತ್ತಾ ಕೂತಿದ್ದ.

“ಇಲ್ಲೀವರೆಗೂ ವ್ಯಾನಿನಲ್ಲೇ ಬಂತಲ್ಲ, ಒಂದು ಹನೀನೂ ಚೆಲ್ಲಲಿಲ್ಲವಲ್ಲ?” ಎಂದು ಡಿರ್ಚೆ ಬಟ್ಟೆ ಎತ್ತಿ ತೋರಿಸಿದಳು.

“ಅದು ಅದೃಷ್ಟ,” ಅಂದ ಅಡೆಲ್ಮೊ. “ನಾನು ಮಾಡೋದು ವಿದ್ಯೆ.”

ಅಂಗಡಿಯಲ್ಲಿ ಮೂರು ಕಾರುಗಳಿದ್ದವು. ಅಡೆಲ್ಮೊ ಮೂರನ್ನೂ ಹೆಣ್ಣು ನೋಡಲು ಹೋದವನಂತೆ ಗಂಭೀರವಾಗಿ ಸುತ್ತುಹಾಕಿದ.

ಮೊದಲನೆಯದು ಹಳದಿ, ಅವನ ಯೌವನದ ಕಾಲದ್ದು, ಎಂಜಿನ್ ಬೆನ್ನ ಹಿಂದೆ. ಸ್ಟೀರಿಂಗಿಗೆ ಯಾವ ಸಹಾಯವೂ ಇಲ್ಲ. ನಿಂತಲ್ಲಿ ತಿರುಗಿಸುವುದೆಂದರೆ ಬೀಸುಕಲ್ಲು ತಿರುಗಿಸಿದ ಹಾಗೆ, ಓಡತೊಡಗಿದರೆ ಮಾತ್ರ ಹೂವಿನಷ್ಟು ಹಗುರ. ರಸ್ತೆಯ ಒಂದೊಂದು ಹರಳೂ ಅಂಗೈಗೆ ಬಂದು ವರದಿ ಒಪ್ಪಿಸುತ್ತದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮಾತ್ರ ಹಿಂಭಾಗ ಸುತ್ತಿ ಮುಂದೆ ಬಂದು, ‘ಯಾಕಣ್ಣ, ಏನಾಯ್ತು?’ ಎಂದು ವಿಚಾರಿಸುತ್ತದೆ. “ಇವಳು ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳೋಳು,” ಎಂದು ಅಡೆಲ್ಮೊ ಭಾವುಕನಾದ. ಆದರೆ ಅದರ ಪಕ್ಕದ ಸೀಟು ಎಷ್ಟು ಹಿಂದಕ್ಕೆ ಒರಗಿತ್ತೆಂದರೆ, ಪೀಪಾಯಿಯನ್ನು ಕೂರಿಸಲು ಹೋದರೆ ಅದು ರೋಗಿಯ ಹಾಗೆ ಮಲಗಿಬಿಟ್ಟಿತು. ಡಿರ್ಚೆ ಕೂಗಿಕೊಂಡು ಹಿಡಿದೆತ್ತಿದಳು.

ಎರಡನೆಯದು ನೀಲಿ, ಉದ್ದ ಮೂತಿಯದು, ಎಂಜಿನ್ ಮುಂದೆ. ಹಿಂದೆ ವಿಶಾಲವಾದ, ಚಪ್ಪಟೆ ತಳದ ಡಿಕ್ಕಿ. “ಇದನ್ನೇ ಒಯ್ಯಿ. ತೊಟ್ಟಿಲಲ್ಲಿ ಇಟ್ಟ ಹಾಗಿರುತ್ತೆ,” ಅಂದ ಲೆಯಾರ್ಕೊ.

“ಇದಾ? ಇದಕ್ಕೆ ತಿರುಗು ಅಂದ್ರೆ ಮೊದಲು ಕೇಳಿಸ್ಕೊಳ್ಳುತ್ತೆ, ಆಮೇಲೆ ಯೋಚಿಸುತ್ತೆ, ಆಮೇಲೆ ತಿರುಗುತ್ತೆ. ಅಷ್ಟರಲ್ಲಿ ಮೂತಿ ತಿರುವಿನಿಂದ ಆಚೆ ಜಾರಿರುತ್ತೆ. ನಿದ್ದೆಗಣ್ಣಿನ ಬಿಷಪ್ ಇದ್ದ ಹಾಗೆ!”

“ಬಿಷಪ್ ಆದ್ರೆ ಚೆಲ್ಲಲ್ಲ,” ಅಂದಳು ಡಿರ್ಚೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೂರನೆಯದು ಬೂದು ಬಣ್ಣದ್ದು, ಹೊಸದು, ಮೂಲೆಯಲ್ಲಿತ್ತು. ಅಡೆಲ್ಮೊ ಅದರ ಕಡೆ ನೋಡದೆ ಎರಡು ಸಲ ಹಾದುಹೋದ. ಮೂರನೆಯ ಸಲ ನಿಂತ. ಅದು ಯಾವುದೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

“ನಿನ್ನ ಮಗಳ ಕೈಕೆಲಸ,” ಅಂದ ಲೆಯಾರ್ಕೊ ಮೆಲ್ಲಗೆ. “ಆದ್ರೆ ಅಡೆಲ್ಮೊ, ಸ್ಟೀರಿಂಗ್ ಬಹಳ ಚುರುಕು. ನಮ್ಮ ಹಳೇ ಕಾರಲ್ಲಿ ಇಷ್ಟು ತಿರುಗಿಸೋ ಕಡೆ ಇದರಲ್ಲಿ ಬೆರಳು ಆಡಿಸಿದ್ರೆ ಸಾಕು. ಪ್ರವಾಸಿಗಳು ಮೊದಲ ತಿರುವಿನಲ್ಲೇ ಕಿರುಚಿಕೊಳ್ತಾರೆ.”

“ನಾನೇನು ಪ್ರವಾಸಿಯಾ?” ಅಡೆಲ್ಮೊ ಮೀಸೆ ತಿರುವಿದ. ಬಾಯಲ್ಲಿ ಹೇಳಿದ್ದು, ಈ ಮೂಕ ಯಂತ್ರದ ಹುಳುಕು ಹುಡುಕಿ ತೋರಿಸುತ್ತೇನೆ ಎಂದು. ನಿಜವಾದ ಸಂಗತಿ, ಅವನಿಗೆ ಏಳು ತಿಂಗಳಿಂದ ಅದನ್ನು ಓಡಿಸುವ ಆಸೆ ಹೊಟ್ಟೆಯೊಳಗೆ ಕುದಿಯುತ್ತಿತ್ತು. ಈಗ ಪೀಪಾಯಿಯ ನೆಪ ಸಿಕ್ಕಿತ್ತು. ಪೀಪಾಯಿಯೂ ಆ ಸೀಟಿನಲ್ಲಿ ರಾಜಕುಮಾರಿಯಂತೆ ನೆಟ್ಟಗೆ ಕೂತಿತು.

ಬರುವ ಅವಸರದಲ್ಲಿ ಕೋಟು ತೊಟ್ಟು, ಕೈಚೀಲ ಹಿಡಿದು ನಿಂತಿದ್ದ ಡಿರ್ಚೆ ಕೇಳಿದಳು: “ಇರೋದು ಎರಡೇ ಸೀಟು. ನಾನೆಲ್ಲಿ ಕೂರ್ಲಿ?”

“ನೀನು ವ್ಯಾನ್ ತಗೊಂಡು ಹಿಂದಿನಿಂದ ಬಾ.”

ಅಡೆಲ್ಮೊ ಪೀಪಾಯಿಗೆ ಸೀಟ್ ಬೆಲ್ಟ್ ಬಿಗಿದ. ಜಗ್ಗಿ ನೋಡಿದ. ಇನ್ನೊಮ್ಮೆ ಜಗ್ಗಿದ. ಬಟ್ಟೆಯ ಅಂಚನ್ನು ಮಗುವಿನ ಟೋಪಿ ಸರಿಮಾಡಿದಂತೆ ಸರಿಮಾಡಿದ.

“ಪುಣ್ಯಾತ್ಮ,” ಅಂದಳು ಡಿರ್ಚೆ, “ಕಟ್ಕೊಂಡು ಇಷ್ಟು ವರ್ಷ ಆಯ್ತು, ನನ್ನ ಬೆಲ್ಟನ್ನ ಒಂದ್ ದಿನಾನಾದ್ರೂ ಜಗ್ಗಿ ನೋಡಿದ್ದೀಯಾ?”

ಉತ್ತರವಾಗಿ ಎಂಜಿನ್ ಗರ್ಜಿಸಿತು.

ಊರು ದಾಟಿ ಗುಡ್ಡದ ರಸ್ತೆಗೆ ತಿರುಗುವವರೆಗೆ ಅಡೆಲ್ಮೊ ಹಲ್ಲು ಕಚ್ಚಿ ಹುಳುಕು ಹುಡುಕಿದ. ಮೊದಲ ವೃತ್ತದಲ್ಲಿ ಅಭ್ಯಾಸಬಲದಿಂದ ತಿರುಗಿಸಿದ್ದಕ್ಕೆ ಕಾರು ಸರ್‍ರನೆ ಒಳಕ್ಕೆ ನುಗ್ಗಿತು. ಪೀಪಾಯಿಯೊಳಗೆ ‘ಗುಳುಂ’ ಎಂಬ ಸದ್ದಾಯಿತು. ಅಡೆಲ್ಮೊನ ಎದೆಯೊಳಗೂ ಆಯಿತು. “ಸರಿ, ಸರಿ, ಮೆಲ್ಲಗೆ ಹೇಳಿದ್ರೂ ಕೇಳಿಸುತ್ತೆ ನಿನಗೆ,” ಎಂದು ಕೈ ಹಗುರ ಮಾಡಿದ. ಎರಡನೆಯ ವೃತ್ತದಲ್ಲಿ ಸದ್ದಿಲ್ಲ. ಮೂರನೆಯದರಲ್ಲಿ ಪೀಪಾಯಿಗೆ ತಿರುಗಿದ್ದೇ ಗೊತ್ತಾಗಲಿಲ್ಲ. ಹಿಂದೆ ಮಂಜಿನೊಳಗೆ ಎಲ್ಲೋ ಡಿರ್ಚೆಯ ವ್ಯಾನಿನ ಎರಡು ಮಂಕು ದೀಪಗಳು ಕೆಮ್ಮುತ್ತಾ ಬರುತ್ತಿದ್ದವು.

ಹೊರಗೆ ಮಂಜು, ಒಳಗೆ ಉಸಿರು. ಮುಂದಿನ ಗಾಜು ಮಬ್ಬಾಯಿತು. ಗಾಜು ಮಬ್ಬಾಯಿತೆಂದು ಅಡೆಲ್ಮೊ ಹೀಟರ್ ಹಾಕಿದ. ಬಿಸಿಗಾಳಿ ನೇರವಾಗಿ ಪೀಪಾಯಿಯ ಮೇಲೆ ಬೀಸಿತು. ಅಷ್ಟು ವರ್ಷ ಅಟ್ಟದ ಚಳಿಯಲ್ಲಿ ತಪಸ್ಸು ಮಾಡಿದ ವಿನೆಗರ್ ಬೆಚ್ಚಗಾಗಿ, ತೆಳು ಬಟ್ಟೆಯೊಳಗಿಂದ ತನ್ನ ಘಾಟನ್ನು ಹೊರಬಿಡತೊಡಗಿತು. ಕಿಟಕಿ ಇಳಿಸೋಣವೆಂದರೆ ಮಂಜು ಒಳನುಗ್ಗಿ ಗಾಜು ಮತ್ತೆ ಮಬ್ಬು. ಮೂಗು ಕಾಪಾಡುವುದೋ ಕಣ್ಣು ಕಾಪಾಡುವುದೋ? ಚಾಲಕ ಅವನು, ಕಣ್ಣನ್ನೇ ಆರಿಸಿಕೊಂಡ.

ಅದೇ ಹೊತ್ತಿಗೆ ದ್ರಾಕ್ಷಿತೋಟಗಳ ನಡುವಿನ ನೇರ ರಸ್ತೆ ಬಂತು. ಸ್ಟೀರಿಂಗ್ ನಡುವಿಗೆ ಬಂದು ನಿಂತಿತು. ಅಡೆಲ್ಮೊನ ಬೆರಳುಗಳಿಗೆ ಏನೋ ಸಿಕ್ಕಿತು. ಅವನು ನಂಬಲಿಲ್ಲ. ಕೂದಲೆಳೆಯಷ್ಟು ಆಚೆ ತಿರುಗಿಸಿ ಮತ್ತೆ ನಡುವಿಗೆ ತಂದ. ಸಿಕ್ಕಿತು! ಅದೇ ಸಣ್ಣ ಬಿಗಿ. ಹದವಾಗಿ ನಾದಿದ ಹಿಟ್ಟಿನ ಬಿಗಿ.

ಚುರುಕೇನೋ ಹೊಸ ಕಾಲದ್ದು. ಆದರೆ ಈ ಬಿಗಿಯನ್ನು ಯಾವ ಯಂತ್ರವೂ ತಾನಾಗಿ ಕೇಳುವುದಿಲ್ಲ. ಚಿಕ್ಕವಳಿದ್ದಾಗ ಊಟದ ಮೇಜಿನ ಮುಂದೆ ಅಪ್ಪ ಮುಚ್ಚಳ ತಿರುಗಿಸುತ್ತಾ ಕೊರೆಯುತ್ತಿದ್ದ ಭಾಷಣವನ್ನೆಲ್ಲ ಆ ಹುಡುಗಿ ಕೇಳಿಸಿಕೊಂಡಿದ್ದಳು. ಅವನ ಕೈಗಳು ಬೇಡವೆಂದು ಕಂಪನಿ ಹೇಳಿದ ಮೇಲೆ, ಆ ಕೈಗಳನ್ನು ಒಳಗಿಂದೊಳಗೇ ಕಾರಿನಲ್ಲಿ ಇಟ್ಟುಬಿಟ್ಟಿದ್ದಳು. ಅದನ್ನೇ ಹೇಳಿಸಿಕೊಳ್ಳಲು ಎರಡು ಸಲ ಕರೆದಿದ್ದಳು, ಇವನು ಟೊಮೇಟೊಗೆ ನೀರು ಹಾಕುತ್ತಿದ್ದ. ಅಡೆಲ್ಮೊನ ಕಣ್ಣು ತುಂಬಿತು. ಸ್ವಲ್ಪ ದುಃಖ, ಸ್ವಲ್ಪ ಹೆಮ್ಮೆ, ಮಿಕ್ಕಿದ್ದು ವಿನೆಗರ್.

ಕಣ್ಣು ತುಂಬಿದರೆ ಮೂಗೂ ತುಂಬುತ್ತದೆ. ಮೂಗಿನ ಬುಡದಲ್ಲಿ ಎಲ್ಲೋ ಒಂದು ತುರಿಕೆ ಎದ್ದು, ಮೇಲೇರಿ, ತುದಿಗೆ ಬಂದು ನಿಂತಿತು. ತಡೆದ. ತಡೆದಷ್ಟೂ ಬೆಳೆಯಿತು. ಕಡೆಗೆ ಅಡೆಲ್ಮೊ ಬಾರ್ಬೊಲಿನಿ, ಗುಡ್ಡದ ತಿರುವುಗಳ ಚಕ್ರವರ್ತಿ, ಎಂಜಿನಿಯರುಗಳ ಸಿಂಹಸ್ವಪ್ನ, ಇಡೀ ಮೈಯಿಂದ ಸೀನಿದ!

ಹಳದಿ ಕಾರಾಗಿದ್ದರೆ ಆ ಸೀನಿಗೆ ಸ್ಟೀರಿಂಗ್ ‘ಏನು ನೆಗಡಿಯಾ?’ ಎಂದು ಕೇಳಿ ಸುಮ್ಮನಾಗುತ್ತಿತ್ತು. ನೀಲಿ ಕಾರು ಇನ್ನೂ ಯೋಚಿಸುತ್ತಲೇ ಇರುತ್ತಿತ್ತು. ವ್ಯಾನಿಗಂತೂ ಸುದ್ದಿ ಮುಟ್ಟುವಷ್ಟರಲ್ಲಿ ನೆಗಡಿಯೇ ವಾಸಿಯಾಗಿರುತ್ತಿತ್ತು. ಮಗಳ ಕಾರು ಮಾತ್ರ ಅಪ್ಪನ ಕೈ ಹೇಳಿದ್ದನ್ನು ತಕ್ಷಣ, ಪೂರ್ತಿಯಾಗಿ, ಪರಮ ಭಕ್ತಿಯಿಂದ ನಡೆಸಿಕೊಟ್ಟಿತು. ಸೀನಿನ ಜೊತೆಗೆ ಕೈ ಎಷ್ಟು ಬಲಕ್ಕೆ ಹೋಯಿತೋ ಕಾರೂ ಅಷ್ಟು ಬಲಕ್ಕೆ ಹೋಯಿತು. ಬಲಕ್ಕೆ ಇದ್ದದ್ದು ನೀರಾವರಿಯ ಕಾಲುವೆ.

ದೊಡ್ಡ ಅನಾಹುತವೇನಲ್ಲ. ಕಾಲುವೆಯಲ್ಲಿ ಮೊಣಕಾಲಿನವರೆಗೆ ಕೆಸರು, ಕಾರು ಮೂತಿ ಕೆಳಗೆ ಮಾಡಿ ಮೆಲ್ಲಗೆ ಒರಗಿತು. ಬೆಲ್ಟ್ ತನ್ನ ಕೆಲಸ ಚಾಚೂ ತಪ್ಪದೆ ಮಾಡಿತ್ತು, ಪೀಪಾಯಿ ಸೀಟಿನಿಂದ ಕದಲಿರಲಿಲ್ಲ. ಆದರೆ ಸೀಟೇ ಮುಂದಕ್ಕೆ ಬಾಗಿದರೆ ಪೀಪಾಯಿ ಏನು ಮಾಡೀತು? ಬಟ್ಟೆ ಹಾರಿತು. ಇಲೇನಿಯಾಳ ಜೀವಮಾನದ ರಸವೆಲ್ಲ ಕಪ್ಪಗೆ, ದಪ್ಪಗೆ, ಯಾವ ಅವಸರವೂ ಇಲ್ಲದೆ ಹೊರಗೆ ಹರಿದು ಅಡೆಲ್ಮೊನ ಪ್ಯಾಂಟು, ಬೂಟು, ಕಾರಿನ ನೆಲವನ್ನು ತುಂಬಿತು. ಅವನು ಎರಡು ಅಂಗೈಗಳನ್ನೂ ತೂತಿಗೆ ಒತ್ತಿ ಹಿಡಿದ. ಬೆರಳುಗಳ ಸಂದಿಯಿಂದ ಅದು ಇಳಿಯುತ್ತಲೇ ಇತ್ತು. ಆ ಕೈಗಳಿಗೆ ಎಲ್ಲವೂ ತಿಳಿಯುತ್ತಿತ್ತು, ನಿಲ್ಲಿಸಲು ಮಾತ್ರ ಬರಲಿಲ್ಲ.

ವ್ಯಾನ್ ಬಂದು ನಿಂತಿತು. ಡಿರ್ಚೆ ಕಾಲುವೆಯ ದಂಡೆಯ ಮೇಲೆ ನಿಂತು ಕೆಳಗೆ ನೋಡಿದಳು. ಗಂಡನಿಗೆ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಶಿಲುಬೆಯ ಗುರುತು ಮಾಡಿದಳು. ಆಮೇಲೆ ಶುರು ಮಾಡಿದಳು.

“ಅನ್ನು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನೂ ಅನ್ನು, ಸ್ಟೀರಿಂಗ್ ಸರಿಯಿಲ್ಲ ಅನ್ನು!”

“ಇಲ್ಲ ಡಿರ್ಚೆ,” ಅಂದ ಅಡೆಲ್ಮೊ ಕಾಲುವೆಯೊಳಗಿಂದ. “ನೆಲ ನೆಟ್ಟಗೇ ಇತ್ತು.”

ಅವನು ಕಾರನ್ನು ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಈ ಉತ್ತರ ಕೇಳಿ ಅವಳು ದಂಡೆಯ ಮೇಲೇ ಕೂತು ಅತ್ತಳು. ಅಷ್ಟು ಚಳಿಗಾಲಗಳು ಅವಳವು, ಅಳುವ ಹಕ್ಕೂ ಅವಳದೇ.

ಡಿರ್ಚೆ ಫೋನ್ ಮಾಡಿದ್ದಕ್ಕೆ ಅಳಿಯನಾಗುವವನು ಟ್ರಾಕ್ಟರ್ ತಂದ. ಹಿಂದೆಯೇ ಇಲೇನಿಯಾ ಮದುವೆಯ ಸಿಂಗಾರದ ಪರೀಕ್ಷೆಗೆಂದು ಸುತ್ತಿದ ಕೂದಲಿನ ಸುರುಳಿಗಳನ್ನು ಹಾಗೇ ಇಟ್ಟುಕೊಂಡು ಓಡಿಬಂದಳು. ಸುದ್ದಿ ತಿಳಿದು ಬಂದ ಲೆಯಾರ್ಕೊ ಬಾಗಿಲು ತೆರೆದು ಮೂಸಿ, “ಅಯ್ಯೋ, ನನ್ನ ಕಾರು ಸಲಾಡ್ ಆಗಿದೆ!” ಎಂದು ತಲೆ ಮೇಲೆ ಕೈಹೊತ್ತ. ಯಾರೂ ನಗಲಿಲ್ಲ. ಇಲೇನಿಯಾ ಖಾಲಿ ಪೀಪಾಯಿಯನ್ನು ನೋಡಿದಳು. ಕಾರನ್ನು ನೋಡಿದಳು, ಅದು ಯಾವ ಕಾರೆಂದು ಗುರುತು ಹಿಡಿದಳು. ಕೆಸರಿನಲ್ಲಿ ನಿಂತು ಸೊಂಟದಿಂದ ಕೆಳಗೆ ಕಪ್ಪಾಗಿ ತೊಟ್ಟಿಕ್ಕುತ್ತಿದ್ದ ಅಪ್ಪನನ್ನು ನೋಡಿದಳು. ಅವನು ಬೈಗುಳಕ್ಕೆ ತಲೆಬಗ್ಗಿಸಿ ಕಾದ.

“ಹೇಗಿತ್ತಪ್ಪ ಸ್ಟೀರಿಂಗ್?” ಎಂದು ಕೇಳಿದಳು ಅವಳು.

“ನಡುವಿನ ಬಿಗಿ ಸರಿಯಾಗಿದೆ,” ಅಂದ ಅಡೆಲ್ಮೊ. ಇಷ್ಟು ಸಾಲದೇನೋ ಅನ್ನಿಸಿ ಸೇರಿಸಿದ: “ಬಹಳ ಚೆನ್ನಾಗಿದೆ ಮಗಳೇ. ಹೇಳಿದ್ದೆಲ್ಲ ಕೇಳುತ್ತೆ. ಸೀನಿದ್ದನ್ನೂ ಕೇಳುತ್ತೆ.”

ಇಲೇನಿಯಾ ನಕ್ಕಳೋ ಅತ್ತಳೋ, ಮಂಜಿನಲ್ಲಿ ತಿಳಿಯಲಿಲ್ಲ. ಕಾಲುವೆಗೆ ಇಳಿದು ಅಪ್ಪನ ತೋಳು ಹಿಡಿದು ಮೇಲಕ್ಕೆ ಹತ್ತಿಸಿದಳು.

ಮಧ್ಯಾಹ್ನ ಹೊಸ ಮನೆಯ ಅಟ್ಟದಲ್ಲಿ ಪೀಪಾಯಿಗಳ ಸಾಲು ನಿಂತಿತು. ಡಿರ್ಚೆ ಹೂಜಿಗಳಿಂದ ಒಂದೊಂದಕ್ಕೂ ಅದರದರ ರಸ ತುಂಬಿದಳು, ಒಂದು ಹನಿ ಚೆಲ್ಲದೆ. ಕೊನೆಯ ಪುಟ್ಟ ಪೀಪಾಯಿ ಮಾತ್ರ ಬಾಯಿ ತೆರೆದುಕೊಂಡು ಕೂತಿತ್ತು. ಅಳಿಯನ ಪ್ಯಾಂಟು ತೊಟ್ಟು, ಅದರ ಕಾಲುಗಳನ್ನು ಮಡಚಿಕೊಂಡು, ಅಡೆಲ್ಮೊ ಮೂಲೆಯಲ್ಲಿ ನಿಂತಿದ್ದ. ಮೈಯಿಂದ ಇನ್ನೂ ವಿನೆಗರ್ ಘಮಿಸುತ್ತಿತ್ತು. ಡಿರ್ಚೆ ಸೌಟನ್ನು ಅವನ ಕೈಗಿತ್ತಳು.

“ಪಕ್ಕದ್ದರಿಂದ ಒಂದಿಷ್ಟು ತೆಗೆದು ಇದಕ್ಕೆ ಹಾಕು. ಪ್ರತಿ ಚಳಿಗಾಲ ಇಲ್ಲಿಗೆ ಬಂದು ನೀನೇ ಹಾಕ್ಬೇಕು.”

ಅಡೆಲ್ಮೊ ಹೆದರುತ್ತಾ ಹಾಕಿದ. ರಸ ನೀರುನೀರಾಗಿ ತಳ ಸೇರಿತು. ಬಗ್ಗಿ ನೋಡಿ ಕೇಳಿದ: “ಇದು ಮೊದಲಿನ ಹಾಗೆ ಗಟ್ಟಿಯಾಗೋಕೆ ಎಷ್ಟು ವರ್ಷ ಬೇಕು?”

“ಹದಿನೈದು. ಇಪ್ಪತ್ತಾದ್ರೂ ಆಗ್ಬಹುದು.”

“ಇಪ್ಪತ್ತಾ! ಅಷ್ಟರಲ್ಲಿ ನಾನು ಸತ್ತೇ ಹೋಗಿರ್ತೀನಿ, ಡಿರ್ಚೆ.”

“ಸಾಯೋ ಹಾಗಿಲ್ಲ,” ಅಂದಳು ಡಿರ್ಚೆ, ಪೀಪಾಯಿಯ ಬಾಯಿಗೆ ಹೊಸ ಬಟ್ಟೆ ಹಾಸುತ್ತಾ. “ಚೆಲ್ಲಿದವರು ತುಂಬಿಸೇ ಹೋಗ್ಬೇಕು.”